ಬಾಗಿಲು ತೆರೆದಿಟ್ಟುಕೊಂಡೇ

ವಾಲ್ಪರಾಯಿಸೊ ಊರಿನ ಗುಡ್ಡ. ತಗಡಿನ ಮೈಯ ಮನೆಗಳು,
ಅವಕ್ಕೆ ಹಡಗಿಗೆ ಬಳಿದು ಮಿಕ್ಕ ಬಣ್ಣ.
ನೂರಾ ಹದಿನೆಂಟು ಮೆಟ್ಟಿಲು ಹತ್ತಿದರೆ ನಿಬಾಲ್ದೋನ ಅಂಗಡಿ:
ಮೊಳೆ, ತಿರುಪು, ಸರಪಳಿ, ಸೀಮೆಎಣ್ಣೆ, ಒಂದು ಬೆಕ್ಕು,
ಮೊಳೆ ತೂಗಲು ನಾನು.
ಸಾಮಾನಿಗೆ ಕಾಸು, ಸಲಹೆ ಪುಕ್ಕಟೆ.
ಜನ ಮನೆಗೆ ಒಯ್ಯಲು ಮರೆಯುವುದು ಪುಕ್ಕಟೆಯದನ್ನೇ
ಎಂದು ಗೊಣಗುತ್ತಾನೆ. ಆದರೂ ಹೇಳುತ್ತಾನೆ.

ಗೋಡೆ ಬಿರಿಯಿತೇ? ಗಾರೆ ಕಲಸಲು ಓಡಬೇಡ.
ಬಿರುಕಿನ ಎರಡೂ ತುದಿಗೆ ಪೆನ್ಸಿಲಿನ ಗೀಟು ಹಾಕು,
ಪಕ್ಕದಲ್ಲಿ ತಾರೀಖು ಬರೆ. ಮೂರು ತಿಂಗಳು ಕಾಯಿ.
ಗೀಟು ದಾಟದ್ದು ಬರೀ ಸುಕ್ಕು, ಮುಚ್ಚಿಬಿಡು.
ದಾಟಿದರೆ ನನ್ನ ಹತ್ತಿರ ಬರಬೇಡ,
ಎಂಜಿನಿಯರನ ಹತ್ತಿರ ಹೋಗು.
(ಇಲ್ಲಿ ನೆಲ ಆಗಾಗ ಮೈ ಮುರಿಯುತ್ತದೆ. ಗೋಡೆಗಳಿಗೆ ಗೊತ್ತು.)

ತೂತಿನಲ್ಲಿ ತಿರುಪು ಗಿರ್ರನೆ ಸುತ್ತುತ್ತದೆಯೇ?
ದಪ್ಪನೆಯದು ಕೇಳಬೇಡ. ಬೆಂಕಿಕಡ್ಡಿ ಎರಡು,
ತಲೆ ಮುರಿದು, ಅಂಟು ಸವರಿ, ತೂತಿಗೆ ತುರುಕು.
ಒಣಗಲಿ. ಹಳೇ ತಿರುಪೇ ಹಲ್ಲು ಕಚ್ಚಿ ನಿಲ್ಲುತ್ತದೆ.

ತೊಟ್ಟಿಕ್ಕುವ ನಲ್ಲಿಯನ್ನು ಬಿಗಿದಷ್ಟೂ
ಒಳಗಿನ ವಾಷರಿನ ಕತ್ತು ಹಿಸುಕಿದಂತೆ.
ಮೇನು ನಿಲ್ಲಿಸು. ಮೊದಲು ಮೇನು ನಿಲ್ಲಿಸು!
(ಎರಡು ಸಲ ಹೇಳುತ್ತಾನೆ. ಎಲ್ಸಿರಾಳ ಅಡುಗೆಮನೆಯಲ್ಲಿ
ಹೆಚ್ಚಿಟ್ಟ ಮೀನು ಮತ್ತೆ ಈಜಿತಂತೆ.)
ಸಿಂಕಿನ ಬಾಯಿಗೆ ಬಟ್ಟೆ ತುಂಬು,
ತಿರುಪು ಜಾರಿ ಪೆಸಿಫಿಕ್ ಸೇರಿದರೆ
ಅದರ ಜೋಡಿ ನನ್ನಲ್ಲಿಲ್ಲ.

ಕಿರ್ರೆನ್ನುವ ಬಾಗಿಲಿಗೆ ಮೇಣದಬತ್ತಿ ತಿಕ್ಕು.
ಅವನ ಮನೆಯ ಬಾಗಿಲು ಮಾತ್ರ
ಹನ್ನೊಂದು ವರ್ಷದಿಂದ ಕಿರ್ರೆನ್ನುತ್ತಿದೆ.
ಕುಡಿದು ಬಂದದ್ದು ತಿಳಿಯಲಿ ಅಂತ
ನಾನೇ ಬಿಟ್ಟದ್ದು, ಅನ್ನುತ್ತಾಳೆ ಹೆಂಡತಿ.

ಆಗಸ್ಟಿನ ಚಳಿಯ ಒಂದು ಮಂಗಳವಾರ ಒಬ್ಬಳು ಬಂದಳು.
ಹುಡುಗನನ್ನು ಮೆಟ್ಟಿಲ ಮೇಲೆ ಕೂರಿಸಿ,
ತಲೆಯ ರಿಬ್ಬನ್ನು ಬಿಚ್ಚಿ ಕೌಂಟರಿನ ಮೇಲೆ ಹಾಸಿದಳು:
ಎರಡು ಗಂಟು, ನಡುವೆ ಬೀಗದ ಅಳತೆ.
ಸದ್ದಿಲ್ಲದೆ ಆಗುತ್ತದೆಯೇ? ಎಂದಳು.
ಆರು ಗಂಟೆಯೊಳಗೆ ಆಗುತ್ತದೆಯೇ?

ಯಾವ ಮನೆ, ಯಾರು ಕಟ್ಟಿದ್ದು, ನೀನು ಯಾರ ಮಗಳು
ಎಂದು ಕಾಲು ಕಿಲೋ ಮೊಳೆಗೂ ಜಾತಕ ಕೇಳುವ ನಿಬಾಲ್ದೋ
ಏನೂ ಕೇಳಲಿಲ್ಲ.
ಮಾದರಿಯ ಬಾಗಿಲ ತುಂಡು ತಂದು ಬೀಗ ಬಿಚ್ಚಿದ, ಜೋಡಿಸಿದ,
ತಿರುಪುಳಿಯನ್ನು ಅವಳ ಕೈಗೆ ಕೊಟ್ಟ.
ಬಾಗಿಲ ಅಂಚಿನಲ್ಲಿ ಒಂದೇ ಉದ್ದ ತಿರುಪು, ತೆಗೆ.
ಕೀಲಿಕೈ ಹಾಕಿ ಒಂಚೂರು ಓರೆ ಮಾಡು.
ನೆಟ್ಟಗಿದ್ದರೆ ಬರುವುದಿಲ್ಲ, ಓರೆಯಾದಾಗ
ತಾನೇ ಜಾರಿ ಅಂಗೈಗೆ ಬರುತ್ತದೆ.
ಹೊಸದನ್ನು ಹಾಗೇ ತಳ್ಳು. ಡ್ರಿಲ್ ಬೇಡ.
ಮೊದಲ ಸಲ ಹದಿನಾಲ್ಕು ನಿಮಿಷ,
ಆಮೇಲೆ ಒಂಬತ್ತು, ಆಮೇಲೆ ಐದು.
ನಾನು ಗಡಿಯಾರ ನೋಡುತ್ತಿದ್ದೆ.

ಕಾಗದದಲ್ಲಿ ಸುತ್ತಿ ಕೊಡುವಾಗ ಒಂದು ಮಾತು ಹೇಳಿದ:
ಹೊಸ ಕೀಲಿಕೈಯನ್ನು ಬಾಗಿಲು ತೆರೆದಿಟ್ಟುಕೊಂಡೇ
ನಾಲ್ಕು ಸಲ ತಿರುಗಿಸಿ ನೋಡು. ಆಮೇಲೆ ಮುಚ್ಚು.
ದುಡ್ಡು ಪೂರ್ತಿ ತೆಗೆದುಕೊಂಡ.
ರಿಯಾಯಿತಿ ಕೊಟ್ಟಿದ್ದರೆ ಅದೂ ಒಂದು ಪ್ರಶ್ನೆಯಾಗುತ್ತಿತ್ತು.

ಆ ದಿನ ಆರಕ್ಕೆ ಅಂಗಡಿ ಮುಚ್ಚಲಿಲ್ಲ. ಏಳಕ್ಕೂ ಇಲ್ಲ.
ಎಂಟಕ್ಕೆ, ಎಣಿಸಿಟ್ಟ ತಿರುಪುಗಳನ್ನು
ಮತ್ತೆ ಎಣಿಸು ಎಂದ. ಎಣಿಸಿದೆ.

ಅಕ್ಟೋಬರಿನಲ್ಲಿ ಬಂದಳು.
ತಕ್ಕಡಿಯಲ್ಲಿ ನನ್ನ ಕೈ ಹಾಗೇ ನಿಂತಿತು.
ಅಂಗೈಯಲ್ಲಿ ಸವೆದ ವಾಷರು.
ಅಡುಗೆಮನೆಯದು, ಎಂದಳು. ನಲ್ಲಿ ಅಷ್ಟೇ.
ಮೇನು?
ಮೊದಲೇ ನಿಲ್ಲಿಸಿ ಬಂದೆ.

ನಿಬಾಲ್ದೋಗೆ ಹೇಳಲು ಏನೂ ಉಳಿಯಲಿಲ್ಲ.
ಕನ್ನಡಕ ಒರೆಸಿದ, ವಾಷರಿನ ಡಬ್ಬಿ ಸುರಿದ,
ಹುಡುಕುತ್ತಾ ಶುರು ಮಾಡಿದ:
ಯಾವ ಮನೆ, ಯಾರು ಕಟ್ಟಿದ್ದು,
ಆ ಹುಡುಗ ಈಗ ಎಷ್ಟನೇ ತರಗತಿ.