ಇಪ್ಪತ್ತೊಂದು ಕಿಲೋ ಬಿಗಿ

ತಾಂದೀಲ್ ರೈಲು ನಿಲ್ದಾಣದ ಹಿಂದೆ
ತಂತಿ ಬಿಗಿಯುವ ಅಂಗಡಿ ನನ್ನದು.
ಒಂದು ಯಂತ್ರ, ಎರಡು ಸ್ಟೂಲು,
ಗೋಡೆ ತುಂಬ ಸಿಟ್ಟಿನಲ್ಲಿ ಮುರಿದ ರ‍್ಯಾಕೆಟ್ಟು,
ಒಂದೊಂದರ ಕೆಳಗೂ ತಾರೀಖು.

ದನದ ಡಾಕ್ಟರು ನೇಲಿದಾ ಎಚೆವೆರ್ರಿ ಬಂದದ್ದು
ಎಲೆ ಉದುರುವ ಏಪ್ರಿಲ್‌ನಲ್ಲಿ.
ಮಾಟೆ ಕಷಾಯದ ಸೋರೆಬುರುಡೆ ಚಾಚಿದೆ.
ಎಡಗೈಯಲ್ಲಿ ತಗೊಂಡರು.
ಅಷ್ಟು ಸಾಕಿತ್ತು ನನಗೆ.

ಮೊಣಕೈಯ ಹೊರಮಗ್ಗುಲ ಗಂಟು.
ಬಾಗಿಲ ಹಿಡಿ ತಿರುಗಿಸಿದರೆ ಚುಳುಕು,
ಬ್ಯಾಕ್‌ಹ್ಯಾಂಡ್ ಹೊಡೆದರಂತೂ
ಹಾಡಹಗಲೇ ನಕ್ಷತ್ರವಂತೆ.

ಅಳಿಯ ಕೊಡಿಸಿದ ರ‍್ಯಾಕೆಟ್ಟು: ಗರಿಯಷ್ಟು ಹಗುರ,
ಚೌಕಟ್ಟು ಮಾತ್ರ ಅಳಿಯನ ಹಾಗೇ, ಬಗ್ಗೋದಿಲ್ಲ.
ಮೇಲೆ ಪಾಲಿಯೆಸ್ಟರ್ ತಂತಿ, ಇಪ್ಪತ್ತಾರು ಕಿಲೋ ಬಿಗಿ.
ಬೆರಳಲ್ಲಿ ಮೀಟಿದೆ. ಠಣ್!
ಚೆಂಡಿನ ಪೆಟ್ಟನ್ನು ಯಾರಾದರೂ ತಿನ್ನಲೇಬೇಕು ಡಾಕ್ಟರೇ,
ತಂತಿ ತಿನ್ನದಿದ್ದರೆ ಚೌಕಟ್ಟು,
ಚೌಕಟ್ಟೂ ಒಲ್ಲೆನೆಂದರೆ ನಿಮ್ಮ ಮೂಳೆ.

'ಮೂವತ್ತು ವರ್ಷ ಈ ಕೈ ಹಸುಗಳೊಳಗಿತ್ತು,' ಅಂದರು,
'ಭುಜದ ತನಕ. ಅಡ್ಡ ಬಿದ್ದ ಕರುಗಳನ್ನ
ಕತ್ತಲಲ್ಲಿ ತಡಕಿ ತಿರುಗಿಸಿದ ಕೈ.
ಆಗ ಹೀಗೆ ನೋಯಲಿಲ್ಲ.
ಬಿಡುವಿಗೆ ಅಂತ ಆಡಿದ್ದು ನೋಯಿಸಿತು ನೋಡು.'

ಅಟ್ಟದಿಂದ ಹಳೆಯದೊಂದನ್ನ ಇಳಿಸಿದೆ,
ಮುನ್ನೂರಿಪ್ಪತ್ತು ಗ್ರಾಂ, ತೆಳು ಸೊಂಟ, ಬಳುಕುವ ಕತ್ತು.
'ಭಾರ ಅಲ್ವಾ?'
ಭಾರ ಇದ್ದದ್ದು ಪೆಟ್ಟು ತಾಳುತ್ತೆ,
ಹಗುರದ್ದು ಇನ್ನೊಬ್ಬರ ತಲೆಗೆ ಕಟ್ಟುತ್ತೆ.
ಹಿಡಿಗೆ ಇನ್ನೊಂದು ಸುತ್ತು ಪಟ್ಟಿ ಸುತ್ತಿದೆ.
ಕತ್ತು ಹಿಸುಕಿದಂತೆ ಹಿಡಿಯಬೇಡಿ, ಅಂದೆ.
ನಕ್ಕರು. ಕರುವನ್ನ ಎಳೆಯೋರು ನೀವಲ್ಲವಲ್ಲ.

ಇನ್ನು ತಂತಿ.
ಎರಡು ಪೊಟ್ಟಣ ತೋರಿಸಿದೆ, ಮೂರನೆಯದಕ್ಕೆ ತಡವರಿಸಿದೆ.
ಇದು… ಕರುಳು.
'ಯಾರದ್ದು?'
ಹಸುವಿನದು.

ಬಲ್ಬಿನ ಕೆಳಗೆ ಹಿಡಿದರು. ಆಮೇಲೆ ಕಣ್ಣು ಮುಚ್ಚಿ
ಹೆಬ್ಬೆರಳು ತೋರುಬೆರಳ ನಡುವೆ
ಮೆಲ್ಲಗೆ, ಉದ್ದಕ್ಕೂ, ಹರಿಬಿಟ್ಟರು.
'ಸಣ್ಣ ಕರುಳು. ಹೊರಪದರ,' ಅಂದರು, ಗುರುತು ಹತ್ತಿದವರಂತೆ.
ಹೊರಗೆ ಗೂಡ್ಸ್ ಗಾಡಿ ಡಬ್ಬಿಗೆ ಡಬ್ಬಿ ಗುದ್ದಿಕೊಂಡಿತು.

'ಮಳೆಗೆ?'
ಒದ್ದೆಯಾದರೆ ಹಾಳು. ಬೆಲೆಯೂ ಜಾಸ್ತಿ.
'ಬದುಕಿದ್ದಾಗ ಒದ್ದೆಯಲ್ಲೇ ಇತ್ತಲ್ಲೋ, ಪಾಪ.'

ಇಪ್ಪತ್ತೊಂದಕ್ಕೆ ಬಿಗಿದೆ, ಹೆಚ್ಚಿಲ್ಲ.
ಅವರು ಹೋಗಲಿಲ್ಲ, ಕೂತು ನೋಡಿದರು,
ಪ್ರತಿ ಎಳೆ ದಾಟುವಾಗಲೂ ಉಸಿರು ಹಿಡಿದು.
ಮುಗಿಸಿ ಅಂಗೈಯಲ್ಲಿ ತಟ್ಟಿದೆ.
ತುಂಬಿದ ಕೊಡದ ಸದ್ದು.

ಮೂರು ವಾರದ ಮೇಲೆ ಕ್ಲಬ್ಬಿನಲ್ಲಿ ಸಿಕ್ಕರು.
ಕಾಲುಚೀಲಕ್ಕೆಲ್ಲ ಇಟ್ಟಿಗೆ ಪುಡಿಯ ಕೆಂಪು.
ಸೋತಿದ್ದರು, ಆರು-ಎರಡು, ಆರು-ಒಂದು.
ನೋವು?
'ಇದೆ. ಈಗೀಗ ಕೇಳಿಕೊಂಡು ಬರುತ್ತೆ.'

ಅಷ್ಟರಲ್ಲಿ ನಾಲ್ಕು ಹನಿ ಬಿತ್ತು.
ಕೋಟು ಬಿಚ್ಚಿ ರ‍್ಯಾಕೆಟ್ಟಿಗೆ ಸುತ್ತಿ,
ಎದೆಗವಚಿಕೊಂಡು,
ನೆನೆಯುತ್ತ ಕಾರಿನ ಕಡೆಗೆ ಓಡಿದರು.