ಹಮೀಪತ್ರ

ಅಪ್ಪ ಸಿಟ್ಟಿಗೆದ್ದರ ಬೈಯಂಗಿಲ್ಲ,
ಎಣಸತಾನ.
ಸಂಖದ ಬಸ್‌ಸ್ಟ್ಯಾಂಡಿನ ಬಾಜೂಕ, ಮುಂದ ಅಂಗಡಿ, ಹಿಂದ ಮನಿ,
ಸುಟ್ಟ ಮೋಟರಿಗೆ ಹೊಸಾ ತಂತಿ ಸುತ್ತೂ ಕೆಲಸ.
ಎಣಿಕಿ ತಪ್ಪಿದರ ಮೋಟರ ಮತ್ತ ಸುಡತೈತಿ.
"ಅಪ್ಪಾ, ಪುಣೆದಾಗ ಭರತಿ ಐತಿ, ಮುಂದಿನ ತಿಂಗಳ."
"ಐವತ್ತೆರಡು, ಐವತ್ತಮೂರು."
"ಹುಡುಗ್ಯಾರನ್ನೂ ತಗೊಳ್ಳಾಕತ್ತಾರ."
"ಐವತ್ತನಾಕು."
ಹಿಂಗ ಒಂದು ಮಳಿಗಾಲ ಪೂರಾ
ನಾ ಕೇಳಿದ್ದಕ್ಕೆಲ್ಲಾ ಅಂಕಿನ ಉತ್ತರ.

ಅವ್ವಂದು ಬ್ಯಾರೇ ಕಾರಭಾರ.
ಮೊದಲ ಬೂಟ ಮುಚ್ಚಿಟ್ಟಳು, ಜ್ವಾಳದ ಪೀಪಾಯದಾಗ.
ಬರಿಗಾಲಿಲೆ ಓಡಿದೆ.
ಆಮ್ಯಾಲ ಗುಡ್ಡಾಪುರಕ್ಕ ಹೋಗಿ
ದಾನಮ್ಮನ ಮುಂದ ಹನ್ನೊಂದು ರೂಪಾಯಿ ಗಂಟು ಕಟ್ಟಿ ಬೇಡಿಕೊಂಡಳು:
ತಾಯೀ, ನನ್ನ ಮಗಳು ಅರ್ಧಾ ಇಂಚ ಕಡಿಮಿ ಬೀಳಲಿ.
ನೂರಾ ಅರವತ್ತೆರಡು ಸೆಂಟಿಮೀಟರ್ ಬೇಕು ಅವರಿಗೆ.
ಬಾಗಲ ಚೌಕಟ್ಟಿನ ಮ್ಯಾಲಿನ ಗೀಟು ಹೇಳತೈತಿ
ನಾ ನೂರಾ ಅರವತ್ತೆರಡೂವರಿ.
ಮುಂದಿನ ಸೋಮವಾರ ನಾನೂ ಹೋದೆ, ಅದೇ ತಾಯಿ ಕಡೆ,
ಅವ್ವನ ಗಂಟಿನ ಮಗ್ಗಲಕ ನನ್ನದೊಂದು ಗಂಟು.
ಎರಡೂ ಒಂದ ಸೀರಿಯ ಹರಕು.
ಪಾಪ, ಯಾರ ಮಾತು ಕೇಳಬೇಕು ಆಕಿ.

"ಗಡಿ ಕಾಯಾಕ ಅಷ್ಟು ದೂರ ಯಾಕ?" ಅಂತಾಳ ಅವ್ವ,
ರೊಟ್ಟಿ ಬಡಕೋತ,
"ಆ ಹಳ್ಳದಾಚಿ ಐತಲ್ಲ, ಅದನ್ನ ಕಾಯಿ.
ನಿಮ್ಮ ಮಾಮನ ಎಮ್ಮಿ ದಿನಾ ದಾಟತೈತಿ."
ನಗು ಬಂತು. ನಗಲಿಲ್ಲ.
ದಿನಾ ನಾನೂ ದಾಟತೇನಿ,
ನಸಕಿನ್ಯಾಗ, ನಾಕೂವರಿಗೆ,
ದ್ರಾಕ್ಷಿ ಒಣಗಸೂ ಶೆಡ್ಡಿನ ಸಾಲು ಹಿಂದ ಬಿಟ್ಟು,
ಈ ಕಡೆ ಮರಾಠಿ ಆ ಕಡೆ ಕನ್ನಡ ಕೆತ್ತಿದ ಕಲ್ಲು ಮುಟ್ಟಿ
ಹೊಳ್ಳಿ ಬರತೇನಿ.
ಯಾಕ ಹೋಗಬೇಕು ಅಂತ ಕೇಳಿದರ
ನನ್ನ ಕಡೆ ಚಂದನ ಉತ್ತರ ಇಲ್ಲ.
ದೇಶ ಅಂದ್ರ ಸಾಲ್ಯಾಗ ಹೇಳಿದಷ್ಟ ಗೊತ್ತು.
ಓಡೂವಾಗ ನಾ ಯಾರ ಮಗಳೂ ಅಲ್ಲ,
ನಾಳೆ ಯಾರ ಸೊಸಿನೂ ಅಲ್ಲ,
ಉಸಿರಿನ ಹಿಂದ ಉಸಿರು.
ಇದನ್ನ ಅಪ್ಪಗ ಹೆಂಗ ಹೇಳಲಿ?

ಹದಿನೆಂಟಕ್ಕ ಎರಡು ತಿಂಗಳು ಕಡಿಮಿ.
ಅದಕ್ಕ ಈ ಕಾಗದ, ಪಾಲಕರ ಸಹಿ.
ಅಪ್ಪಗ ಸಂತಿ ಮರಾಠಿ ತಿಳೀತೈತಿ,
ಕಾಗದದ ಮರಾಠಿ ತಿಳಿಯಂಗಿಲ್ಲ.
"ಓದು" ಅಂದ, ಕೈ ನಿಲ್ಲಸದ.
ಓದಿದೆ, ಸಾಲಿಗೊಂದು ಸಾಲು ಕನ್ನಡ ಮಾಡಿ.
ಮೀ, ಖಾಲೀ ಸಹೀ ಕರಣಾರ. ನಾನು, ಕೆಳಗ ಸಹಿ ಮಾಡಾಂವ.
ಮಾಝೀ ಮುಲಗೀ ಸುಗಲಾ. ನನ್ನ ಮಗಳು ಸುಗಲಾ.
ಓಡೂವಾಗ, ಜಿಗಿಯೂವಾಗ ಪೆಟ್ಟಾದರ, ಅಂಗ ಊನಾದರ,
ಅಲ್ಲಿಗೆ ಬಂದು ನಿಂತೆ.
ಮುಂದಿನ ಶಬ್ದಕ್ಕ ಕನ್ನಡ ಹುಡುಕೂದು ಬೇಕಾಗಿರಲಿಲ್ಲ.
ಬಿಟ್ಟು ಮುಂದ ಹೋಗಬಹುದಿತ್ತು,
ಯಾರಿಗೆ ಗೊತ್ತಾಗತಿತ್ತು.
"ಏನೈತಿ ಅಲ್ಲಿ?"
"ಮೃತ್ಯು."
ಎರಡೂ ಕಡೆ ಒಂದ.

ಒಳಗ ರೊಟ್ಟಿ ಬಡಿಯೂ ಸಪ್ಪಳ ನಿಂತಿತು.
"ಹಂಗಾದರ ಯಾರು ಜವಾಬ್ದಾರ?"
"ಯಾರೂ ಅಲ್ಲ, ಅಂತ ಐತಿ."
"ಇನ್ನೊಮ್ಮೆ ಓದು."
ಓದಿದೆ. ಈ ಸಲ ನಿಲ್ಲಲಿಲ್ಲ.

ಎಷ್ಟನೇ ಸುತ್ತೋ ಏನೋ, ಎಣಿಕಿ ತಪ್ಪಿತ್ತು,
ನಾ ಹುಟ್ಟಿದಾಗಿಂದ ಮೊದಲನೇ ಸಲ.
ಅಪ್ಪ ಏನೂ ಅನಲಿಲ್ಲ.
ಸುತ್ತಿದ ತಾಮ್ರ ಅಷ್ಟೂ ಬಿಚ್ಚಿದ, ಸಾವಕಾಶ,
ಮೊಣಕಾಲ ಮ್ಯಾಲ ರಾಶಿ ಬಿತ್ತು, ಬಿಚ್ಚಿದ ಜಡಿಯಂಗ.
ಒಂದು, ಅಂದ.
ಎರಡು.
ಕಾಗದ ಬೇರಿಂಗಿನ ಕೆಳಗ ಹಂಗ ಇತ್ತು, ಸಹಿ ಇಲ್ಲದ.
ಪೆನ್ನು ಮಾತ್ರ ನನ್ನ ಕೈಯಾಗಿಂದ ಹೋಗಿ
ಅವನ ಕಿವಿ ಮ್ಯಾಲ ಕುಂತಿತ್ತು.