ಒಂದು ಬಡಿತ ಸರಿ, ಎರಡು ತಪ್ಪು

ಮಹಬೂಲಾಕ್ಕೆ ಮುಳ್ಳುತಂತಿ ಸುತ್ತಿ ಐದನೆಯ ವಾರ.
ಅದು ಸಾಲದೆಂಬಂತೆ ಮನೆಯೊಳಗೂ ಒಂದು ಗಡಿ:
ಮಲಗುವ ಕೋಣೆಯ ಬಾಗಿಲು.
ಆಸ್ಪತ್ರೆ ಬಸ್ಸಿಳಿದು ಬಂದ ಎಸ್ತೇರ
ನಮ್ಮಿಬ್ಬರನ್ನೂ ಅಡುಗೆಮನೆಗೆ ಅಟ್ಟಿ, ಶೂ ಸಮೇತ ಒಳಗೆ ನಡೆದು
ಚಿಲಕ ಹಾಕಿಕೊಂಡಳು.
"ಹದಿನಾಲ್ಕು ದಿನ" ಅಂದಳು,
ಹಾಲು ಬೇಡವೆಂದು ಹಾಲಿನವನಿಗೆ ಹೇಳುವ ಹಾಗೆ.

ಶುವೈಖಿನ ಅಂಗಡಿ ಮುಚ್ಚಿದೆ.
ಮಾಲೀಕ ಅರ್ಧ ಸಂಬಳ ಅಂದಿದ್ದಾನೆ,
ಯಾವ ಅರ್ಧ ಅಂತ ಇನ್ನೂ ಹೇಳಿಲ್ಲ.
ಯಾವ ಗಾಡಿಗೆ ಯಾವ ಕ್ಲಚ್ ಪ್ಲೇಟು, ಕಣ್ಣು ಮುಚ್ಚಿ ಹೇಳಬಲ್ಲೆ;
ಉಪ್ಪು ಹುಡುಕಲು ಎರಡು ದಿನ ಬೇಕಾಯಿತು.
ಹಾರ್ಲಿಕ್ಸ್ ಬಾಟಲಿಯಲ್ಲಿತ್ತು.

ಶಾಲೆ ನನ್ನ ಫೋನಿನೊಳಗೆ ಬಂದು ಕೂತಿದೆ.
ಎಂಟೂವರೆಗೆ ಶೀಬಾ ಸೊಂಟದ ಮೇಲಷ್ಟೇ ಯೂನಿಫಾರ್ಮು ತೊಟ್ಟು
ಇಸ್ತ್ರಿ ಮೇಜಿನ ಮುಂದೆ ಹಾಜರಿ ಹೇಳುತ್ತಾಳೆ.
ಮಿಸ್ಸಿನ ಮಾತು ತುಂಡು ತುಂಡಾಗಿ ಬರುತ್ತದೆ,
ಭಾಗಾಕಾರದಲ್ಲಿ ಶೇಷ ಮಾತ್ರ ನಮಗೆ ಸಿಗುತ್ತದೆ.

ಇಲ್ಲಿಯ ಬಾಗಿಲುಗಳಿಗೆ ಹೊಸ್ತಿಲಿಲ್ಲ.
ಕೆಳಗೆ ಬೆರಳಗಲದ ಸಂದು.
ಅದರಲ್ಲಿ ಶೀಬಾ ಲೆಕ್ಕದ ಹಾಳೆ ತಳ್ಳುತ್ತಾಳೆ.
ಒಳಗೆ ಹೋದದ್ದು ಹೊರಗೆ ಬರುವಂತಿಲ್ಲ, ಅವಳದೇ ಕಾನೂನು;
ಮಾತಾಡಿದರೆ ಕೆಮ್ಮು ಹತ್ತುತ್ತದೆ.
ಅದಕ್ಕೇ ಈ ಕರಾರು: ಒಂದು ಬಡಿತ ಸರಿ, ಎರಡು ತಪ್ಪು.
"ಮೂರನೇದು?"
ಟಕ್.
"ನಾಲ್ಕನೇದು?"
ಟಕ್ ಟಕ್.
ಹುಡುಗಿ ನೆಲದ ಮೇಲೇ ಬೋರಲು ಬಿದ್ದು ಮತ್ತೆ ಬಿಡಿಸುತ್ತಾಳೆ.

ಜನವರಿಯಲ್ಲಿ ಬೆಟಗೇರಿಯಿಂದ
ಸೀರೆಗಳ ನಡುವೆ ತುರುಕಿ ತಂದ ಐದು ಕಿಲೋ ಜೋಳದ ಹಿಟ್ಟು
ಜಿಗಿ ಕಳಕೊಂಡಿದೆ. ನಾನೋ ಹೆಂಚು ಹಿಡಿದವನಲ್ಲ.
ಎಸರು ಕಾಸಿ, ಸುರಿದು, ಕೈ ಸುಟ್ಟುಕೊಂಡು ನಾದಿ
ಕಟ್ಟೆಯ ಮೇಲೆ ರೊಟ್ಟಿ ಬಡಿಯುತ್ತೇನೆ.
ಟಪ, ಟಪ, ಅಂಚು ಸೀಳು.
ಗೋಡೆಯಾಚೆಯಿಂದ:
ಟಕ್ ಟಕ್.
ನೋಡದೆಯೇ ಗೊತ್ತು ಅವಳಿಗೆ, ಸದ್ದಿನಲ್ಲೇ ಹಿಟ್ಟಿನ ಹದ.
ಮತ್ತೆ ನೀರು ಮುಟ್ಟಿಸಿ ನಾದುತ್ತೇನೆ,
ಹದಿನೇಳು ವರ್ಷ ಅವಳು ಬಡಿದಾಗ
ಟೀವಿಯ ದನಿ ಏರಿಸುತ್ತಿದ್ದವನು.

ಜಮೀಯಾಕ್ಕೆ ಹೋಗಲು ಆರು ದಿನಕ್ಕೊಂದು ಪಾಳಿ.
ಬಾರ್‌ಕೋಡು ತೋರಿಸಿ, ಹಣೆ ತೋರಿಸಿ,
ಅರ್ಧ ತಾಸಿನಲ್ಲಿ ಉಳ್ಳಾಗಡ್ಡಿ, ಹಾಲು, ಕ್ಲೋರಾಕ್ಸು.
ಕೆಳಮಹಡಿಯ ಉಮ್ ಹಾನಿ ಬಾಂಗಿಗೆ ಮುಂಚೆ
ಬಾಗಿಲ ಹಿಡಿಗೆ ಬೇಳೆಸಾರಿನ ಚೀಲ ತೂಗಿಸಿ
ಗಂಟೆ ಒತ್ತಿ ಓಡುತ್ತಾಳೆ, ಈ ಮಂಡಿನೋವಿನ ವಯಸ್ಸಿನಲ್ಲಿ.
ನಾಲ್ಕೂವರೆಯಿಂದ ಆರೂವರೆ ನಡೆಯಬಹುದು.
ಕಟ್ಟಡ ಸುತ್ತಿ ಹಿತ್ತಲ ಓಣಿಗೆ ಹೋಗಿ ನಿಂತು
ಮೂರನೆಯ ಮಹಡಿಯ ಏಸಿಗಳಲ್ಲಿ
ನಮ್ಮದು ಯಾವುದೆಂದು ಎಣಿಸುತ್ತೇವೆ.
ನೀರು ತೊಟ್ಟಿಕ್ಕುತ್ತಿದ್ದರೆ ಸರಿ.

ಒಂಬತ್ತನೆಯ ರಾತ್ರಿ ಬಡಿದೆ. ಉತ್ತರವಿಲ್ಲ.
ಫೋನು ಒಳಗೆ ರಿಂಗಾಯಿತು, ನಿಂತಿತು.
ಹೊರಗೆ ಹೆಲಿಕಾಪ್ಟರು ಕರ್ಫ್ಯೂವಿನ ತಲೆ ಸವರಿ ಹೋಯಿತು.
ಅಂಗೈ ಬಾಗಿಲಿಗೊತ್ತಿ ಎಷ್ಟು ಹೊತ್ತು ನಿಂತಿದ್ದೆನೋ,
ಹಿಂದೆ ಶೀಬಾ ದಿಂಬು ಹಿಡಿದು ನಿಂತಿದ್ದಳು.
"ನೀನು ಗಟ್ಟಿ ಬಡಿ ಪಪ್ಪಾ."
ಬಡಿದೆ, ರೊಟ್ಟಿ ಬಡಿದ ಹಾಗೆ, ಪೂರಾ ಅಂಗೈಯಿಂದ.
ಆಮೇಲೆ, ಬಹಳ ಕೆಳಗಿನಿಂದ, ನೆಲದ ಹತ್ತಿರದಿಂದ,
ಟಕ್.
ಮುಂದಿನ ನಾಲ್ಕು ರಾತ್ರಿ ನಾವಿಬ್ಬರೂ ಆ ಸಂದಿಗೆ ತಲೆಯಿಟ್ಟೇ ಮಲಗಿದೆವು.

ಹದಿನಾಲ್ಕು ಹದಿನೇಳಾಯಿತು.
ಚಿಲಕ ತೆಗೆದು ಬಂದಳು. ನೈಟಿ ಅವಳಿಗೆ ಎರಡು ಅಳತೆ ದೊಡ್ಡದಾಗಿತ್ತು.
ಶೀಬಾ ಓಡಿ ಹೋಗಲಿಲ್ಲ.
ಚಪ್ಪಲಿಯಿಂದ ನೆತ್ತಿಯವರೆಗೂ ನೋಡಿ
ಗೋಡೆಗೆ ಗೆಣ್ಣು ತಾಗಿಸಿದಳು: ಟಕ್ ಟಕ್.
"ಏನೇ ತಪ್ಪು?"
"ಹದಿನಾಲ್ಕು ಅಂದಿದ್ದೆ."

ಆ ಮೇಲಿನ ಅಳುವನ್ನು ಬರೆಯುವುದಿಲ್ಲ.
ಮಧ್ಯಾಹ್ನ ಎಸ್ತೇರ ಅಡುಗೆಮನೆಯಲ್ಲಿ ನಿಂತು
ಡಬ್ಬಿಗಳ ಮೇಲೆ ನಾನು ಅಂಟಿಸಿದ ಚೀಟಿ ಓದಿದಳು,
ಉಪ್ಪಿಗೂ ಸಾಸಿವೆಗೂ ಪಾರ್ಟ್ ನಂಬರು, ಶೆಲ್ಫ್ ನಂಬರು.
"ಇದು ಮನೆಯೋ, ಗೋಡೌನೋ" ಅನ್ನುತ್ತಲೇ
ನಿನ್ನೆಯ ಸೀಳು ರೊಟ್ಟಿಯೊಂದನ್ನು ಕಟಕ್ಕನೆ ಮುರಿದು
ನಿಂತೇ ತಿಂದಳು.